ಎದುರಾಳಿ ಹೌದೆನ್ನುವ ತನಕ

ಜೂನ್ ೩, ಸೋಮವಾರ

ಅಣ್ಣನ ಗಂಟಲಿನ ಬಗ್ಗೆ ಜನ ಎಷ್ಟು ಬಗೆಯಲ್ಲಿ ಲೊಚಗುಟ್ಟಬಹುದು ಎಂಬುದನ್ನು ಇವತ್ತು ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತು ಕಲಿತೆ. ಅಂಥ ಮಾತುಗಾರರಿಗೇ ಹೀಗಾಗಬೇಕಿತ್ತೇ ಎಂದು ಅವರು ಮತ್ತೆ ಮತ್ತೆ ಕೇಳಿದರು. ಮಾತು ಬಾರದವರ ಗಂಟಲನ್ನೇ ಆರಿಸಿಕೊಳ್ಳುವ ವಿವೇಕ ಗಡ್ಡೆಗಳಿಗೆ ಇದ್ದಿದ್ದರೆ ನಮ್ಮ ಸ್ಟಾಫ್ ರೂಮು ಎಂದೋ ಖಾಲಿಯಾಗಿರುತ್ತಿತ್ತು. ಹೀಗಂದುಕೊಂಡು ಚಹಾ ಕುಡಿದೆ.

ಆಪರೇಷನ್ ಮುಗಿದಿದೆ. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದುಹಾಕಿದ್ದಾರೆ. ಇನ್ನು ಮುಂದೆ ಅವನು ಉಸಿರಾಡುವುದು ಕುತ್ತಿಗೆಯಲ್ಲಿ ಕೊರೆದ ತೂತಿನಿಂದ. ಮಾತಾಡುವ ಪ್ರಶ್ನೆಯೇ ಇಲ್ಲ. ಆದ್ದರಿಂದ ಈ ವರ್ಷದ ವಾದಸಭೆಯನ್ನು ಕೈಬಿಡೋಣವೇ ಎಂದು ಪ್ರಿನ್ಸಿಪಾಲರು ಕೇಳಿದರು. ನಾನು ತರ್ಕ ಹೇಳಿಕೊಡಲು ಈ ಕಾಲೇಜಿಗೆ ಸೇರಿದಾಗಿನಿಂದ ಆ ಸಭೆ ನಡೆದುಬಂದಿದೆ. ಇದೇ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದ ಅಣ್ಣ ಚಾರ್ವಾಕರ ಪರ ನಿಲ್ಲುತ್ತಾನೆ, ನಾನು ಆತ್ಮದ ಪರ. ಅವನು ನಿವೃತ್ತನಾದ ಮೇಲೂ ಅದಕ್ಕೆಂದೇ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದ. ಈ ವರ್ಷದ ಕೊನೆಗೆ ನನ್ನದೂ ನಿವೃತ್ತಿ. ಅಂದರೆ ಇದು ನನ್ನ ಕೊನೆಯ ಸಭೆ, ಮತ್ತು ನಾನು ಇನ್ನೂ ಒಮ್ಮೆಯೂ ಅವನನ್ನು ನೆಟ್ಟಗೆ ಸೋಲಿಸಿಲ್ಲ.

ಚಾರ್ವಾಕರು ಎಂದರೆ ಕಣ್ಣಿಗೆ ಕಂಡದ್ದಷ್ಟೇ ನಿಜ, ಆತ್ಮ ಇಲ್ಲ, ಸತ್ತ ಮೇಲೆ ಏನೂ ಇಲ್ಲ ಎಂದು ಸಾವಿರಾರು ವರ್ಷದ ಹಿಂದೆಯೇ ಹೇಳಿ ಎಲ್ಲರ ಕೈಯಲ್ಲೂ ಬೈಸಿಕೊಂಡ ಜನ. ಅವರದೇ ಗ್ರಂಥ ಒಂದೂ ಉಳಿದಂತಿಲ್ಲ. ಅವರು ಏನು ಹೇಳಿದರು ಎಂಬುದು ನಮಗೆ ಗೊತ್ತಿರುವುದು ಅವರನ್ನು ಹೊಡೆದುಹಾಕಲು ಹೊರಟವರ ಬರಹದಿಂದ. ಸಾಕ್ಷಿಗಳೆಲ್ಲ ಎದುರಾಳಿಯ ಕಡೆಯವರೇ ಆಗಿರುವ ಇಂಥ ಕೇಸನ್ನು ಹಿಡಿಯಬೇಕಾದರೆ ಒಂದೋ ಪಾಂಡಿತ್ಯ ಬೇಕು, ಇಲ್ಲವೇ ಹಠ. ಅಣ್ಣನ ಹಠ ನಾಲ್ಕು ಜನಕ್ಕೆ ಹಂಚಿದರೂ ಮಿಗುತ್ತದೆ.

ಅಣ್ಣನ ಜಾಗದಲ್ಲಿ ನಮ್ಮ ವಿಭಾಗದ ಕಿರಿಯ ಮೇಷ್ಟ್ರು ನಿಲ್ಲಲಿ ಎಂದು ಒಂದು ಸಲಹೆ ಬಂತು. ಅವನಿಗೆ ನಾನು ಇಟ್ಟಿರುವ ಹೆಸರು ಹೌದಪ್ಪ. ಯಾರು ಏನೇ ಹೇಳಲಿ, ಅವನದು ಹೌದು. ಆತ್ಮ ಇದೆ ಎಂದು ನಾನು ಬಾಯಿ ತೆರೆದರೆ ಎದುರು ನಿಂತವನು ಹೌದು ಮೇಡಂ ಎನ್ನುತ್ತಾನೆ, ಸಭೆ ಅಲ್ಲಿಗೆ ಮುಗಿಯುತ್ತದೆ. ಬೇಡವೇ ಬೇಡ ಎಂದೆ. ಅಣ್ಣನ ವಾದವನ್ನು ನಾನೇ ಮಂಡಿಸುತ್ತೇನೆ, ಆಮೇಲೆ ನಾನೇ ಖಂಡಿಸುತ್ತೇನೆ.

ಹಾಗೆ ಮಂಡಿಸುವುದಕ್ಕೆ ಪೂರ್ವಪಕ್ಷ ಎನ್ನುತ್ತಾರೆ. ಅದಕ್ಕೆ ನಮ್ಮ ಮನೆಯಲ್ಲಿ ಅಪ್ಪ ಮಾಡಿದ ಒಂದು ಕಟ್ಟುನಿಟ್ಟು ಇತ್ತು. ಎದುರಾಳಿಯ ಮಾತನ್ನು ಮೊದಲು ನಿನ್ನ ಬಾಯಲ್ಲಿ ಹೇಳಬೇಕು. ಅವನು ‘ಹೌದು, ಇದೇ ನನ್ನ ಮಾತು’ ಎನ್ನಬೇಕು. ಅಲ್ಲಿಯ ತನಕ ಖಂಡನೆಗೆ ಬಾಯಿ ತೆರೆಯುವ ಹಾಗಿಲ್ಲ. ಅಪ್ಪ ನಮಗಿಬ್ಬರಿಗೂ ಒಟ್ಟಿಗೇ ಪಾಠ ಹೇಳಿದವರು. ಒಬ್ಬ ಹೀಗಾದ, ಒಬ್ಬಳು ಹಾಗಾದಳು.

ಹಾಗಾಗಿ ನನಗೀಗ ಬೇಕಾದದ್ದು ಮಾತು ಹೋದ ಒಬ್ಬ ಮನುಷ್ಯನಿಂದ ಒಂದು ಹೌದು. ಅದೇನು ಮಹಾ.

ಜೂನ್ ೬, ಗುರುವಾರ

ಆಸ್ಪತ್ರೆಗೆ ಹೋಗಿದ್ದೆ. ಮೂಗಿನಿಂದ ಹೊಟ್ಟೆಗೆ ಒಂದು ಕೊಳವೆ, ಕೈಗೆ ಇನ್ನೊಂದು, ಕುತ್ತಿಗೆಯ ತೂತಿಗೆ ಮತ್ತೊಂದು. ಆ ಕುತ್ತಿಗೆಯದು ಜಾರದಂತೆ ಸುತ್ತ ಬಟ್ಟೆಯ ಪಟ್ಟಿ ಕಟ್ಟಿದ್ದಾರೆ. ಬದುಕಿರುವ ತನಕ ಸುಖವಾಗಿರು ಎಂದು ಊರಿಗೆಲ್ಲ ಉಪದೇಶ ಮಾಡಿದ ಮಹಾನುಭಾವನಿಗೆ ಹಳದಿ ಬಣ್ಣದ ಏನನ್ನೋ ಸಿರಿಂಜಿನಲ್ಲಿ ಊಡಿಸುತ್ತಿದ್ದರು. ನಾಲಿಗೆಗೆ ಅದು ತಾಗುವುದೂ ಇಲ್ಲ. ಇದನ್ನು ಅವನಿಗೆ ಹೇಳಿದೆ. ಅತ್ತಿಗೆ ನನ್ನನ್ನು ದುರುಗುಟ್ಟಿ ನೋಡಿದರು. ಅಣ್ಣನ ಭುಜ ಸ್ವಲ್ಪ ಕುಲುಕಿತು. ನಕ್ಕ ಅಂತ ಕಾಣುತ್ತದೆ. ಸದ್ದಿಲ್ಲದ ನಗು ನೋಡುವುದು ಕಷ್ಟ.

ಹಾಳೆ ತೆಗೆದು ಓದಿದೆ. ಮಣ್ಣು, ನೀರು, ಬೆಂಕಿ, ಗಾಳಿ, ಇರುವುದು ಈ ನಾಲ್ಕೇ. ಇವು ಒಂದು ಹದದಲ್ಲಿ ಸೇರಿದಾಗ ಅರಿವು ಹುಟ್ಟುತ್ತದೆ, ಹುಳಿಬಂದ ಹಿಟ್ಟಿನಲ್ಲಿ ಅಮಲು ಹುಟ್ಟಿದ ಹಾಗೆ. ಹದ ಕೆಟ್ಟರೆ ಅರಿವೂ ಹೋಯಿತು. ಆದ್ದರಿಂದ ತಿನ್ನಿ, ಕುಡಿಯಿರಿ, ಮಜಾ ಮಾಡಿ.

ಅಣ್ಣ ತಲೆಯನ್ನು ಅಡ್ಡಡ್ಡ ಅಲ್ಲಾಡಿಸಿದ.

ಕೊನೆಯ ವಾಕ್ಯ ಅವನಿಗೆ ಸಿಟ್ಟು ತರಿಸಿರಬೇಕು. ಒಪ್ಪುತ್ತೇನೆ, ಅದು ವೈರಿಗಳು ಅಂಟಿಸಿದ ಬಾಲ. ತೆಗೆಯುತ್ತೇನೆ.

ಜೂನ್ ೯, ಭಾನುವಾರ

ಬಾಲ ಕತ್ತರಿಸಿದೆ. ಅನುಮಾನದ, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವುದರ ಭಾಗವನ್ನು ಬಲಪಡಿಸಿದೆ. ಗುಡ್ಡದ ಮೇಲೆ ಹೊಗೆ ಕಂಡು ಅಲ್ಲಿ ಬೆಂಕಿ ಇದೆ ಎಂದು ಊಹಿಸುತ್ತೀರಲ್ಲ, ಲೋಕದ ಹೊಗೆಯನ್ನೆಲ್ಲ ನೀವು ನೋಡಿದ್ದೀರಾ? ನಾಳೆಯ ಹೊಗೆಯನ್ನು? ಇಲ್ಲ ಎಂದ ಮೇಲೆ ಯಾವ ಧೈರ್ಯದಿಂದ ಹೇಳುತ್ತೀರಿ? ಕಂಡರೆ ಕಂಡಿತು ಎನ್ನಿ, ಕಾಣದಿದ್ದರೆ ಸುಮ್ಮನಿರಿ. ಇದನ್ನು ನಾನೇ ಓದಿ ನಾನೇ ಮೆಚ್ಚಿಕೊಂಡೆ. ಚಾರ್ವಾಕರಿಗೆ ಇಷ್ಟು ಒಳ್ಳೆಯ ವಕೀಲರು ಯಾವ ಕಾಲದಲ್ಲೂ ಸಿಕ್ಕಿರಲಿಕ್ಕಿಲ್ಲ.

ಮತ್ತೆ ಅಡ್ಡಡ್ಡ. ಈ ಸಲ ಕಣ್ಣು ಮುಚ್ಚಿಕೊಂಡು, ಬೇಸರದಿಂದ.

ನನಗೆ ರೇಗಿತು. ಅನುಮಾನವನ್ನು ಒಪ್ಪುವುದಿಲ್ಲ ಎನ್ನುವವನು ನಾಳೆ ಡಾಕ್ಟರು ಬರುತ್ತಾರೆ ಎಂದು ಹೇಗೆ ಕಾಯುತ್ತೀಯ, ನರ್ಸು ಹಾಕುವುದು ಔಷಧಿಯೇ ಎಂದು ಹೇಗೆ ನಂಬುತ್ತೀಯ ಎಂದು ದಬಾಯಿಸಿದೆ. ನಿಯಮದ ಪ್ರಕಾರ ಅದು ಖಂಡನೆ, ಈಗಲೇ ಮಾಡುವ ಹಾಗಿಲ್ಲ. ಆದರೆ ಅವನೂ ನಿಯಮದ ಪ್ರಕಾರ ಎಲ್ಲಿ ತಪ್ಪು ಎಂದು ತೋರಿಸಬೇಕಲ್ಲ. ಪಕ್ಕದ ಹಾಸಿಗೆಯ ಹೆಂಗಸು ಸ್ವಲ್ಪ ಮೆತ್ತಗೆ ಮಾತಾಡಿ ಎಂದಳು. ಆತ್ಮ ಇದೆಯೋ ಇಲ್ಲವೋ ಎಂಬುದು ಅವಳ ನಿದ್ದೆಗಿಂತ ದೊಡ್ಡ ವಿಷಯ ಎಂದು ಅವಳಿಗೆ ಹೇಗೆ ತಿಳಿಯಬೇಕು.

ಜೂನ್ ೧೧, ಮಂಗಳವಾರ

ಮೂರನೆಯ ಪೂರ್ವಪಕ್ಷ. ಹೌದಪ್ಪನೂ ಬಂದಿದ್ದ. ನಾನು ಓದಿ ಮುಗಿಸುತ್ತಲೇ ಅದ್ಭುತ ಮೇಡಂ ಎಂದ. ಇದಕ್ಕೆ ನಾನು ಕೊಡಲಿರುವ ಉತ್ತರ ಇದು ಎಂದು ಎರಡು ಮಾತು ಹೇಳಿದೆ. ಅದಕ್ಕೂ ಅದ್ಭುತ. ಅಣ್ಣ ಮಾತ್ರ ಅಡ್ಡಡ್ಡ. ಯಾವ ವಾಕ್ಯ ತಪ್ಪು, ಮೊದಲನೆಯದೇ, ಎರಡನೆಯದೇ ಎಂದು ಒಂದೊಂದಾಗಿ ಕೇಳಿದೆ. ಪ್ರತಿಯೊಂದಕ್ಕೂ ಅಲ್ಲಾಡಿಸಿದ. ಅಂದರೆ ಅವನು ಜೀವಮಾನವೆಲ್ಲ ಹೇಳಿದ್ದು ಒಂದೂ ಅವನ ಮಾತಲ್ಲವೇ?

ಅಷ್ಟರಲ್ಲಿ ಔಷಧಿ ತರಲು ಹೋಗಿದ್ದ ಅತ್ತಿಗೆ ಬಂದರು. ಚೀಲವನ್ನೂ ಕೆಳಗಿಡದೆ ಅವನ ಕುತ್ತಿಗೆಗೆ ಬಗ್ಗಿದರು.

“ಪಟ್ಟಿ ಬಿಗಿಯಾಗಿದೆ ಕಣೇ. ಇಲ್ಲಿ ಚರ್ಮ ನೋಡು.”

ಗಂಟು ಬಿಚ್ಚಿ, ಒಂದು ಬೆರಳು ಹೋಗುವಷ್ಟು ಸಡಿಲ ಮಾಡಿ ಮತ್ತೆ ಕಟ್ಟಿದರು. ಅಣ್ಣನ ತಲೆ ನಿಂತಿತು. ಸ್ವಲ್ಪ ಹೊತ್ತಿಗೆ ನಿದ್ದೆ ಹೋದ.

ಪಟ್ಟಿಯ ಕೆಳಗೆ ಒಂದು ಕೆಂಪು ಗೆರೆ ಇತ್ತು. ಕಿವಿಯ ಹಿಂದೆ ಚರ್ಮ ಸುಲಿದು ಒದ್ದೆಯಾಗಿತ್ತು. ಇವತ್ತಿನ ಗಾಯವಲ್ಲ ಅದು. ನಾನು ಒಂದು ಮೊಳ ದೂರದಲ್ಲಿ ಕೂತು ಅವನ ಸಿದ್ಧಾಂತದಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದೆ. ತಲೆ ಅಲ್ಲಾಡಿತು, ಆದ್ದರಿಂದ ವಾದ ಒಪ್ಪಿಲ್ಲ! ಯಾವ ವಿದ್ಯಾರ್ಥಿಯಾದರೂ ಇಂಥ ಅನುಮಾನವನ್ನು ಬರೆದಿದ್ದರೆ ಸೊನ್ನೆ ಕೊಟ್ಟು, ಹಾಳೆಯನ್ನು ತರಗತಿಗೆಲ್ಲ ತೋರಿಸಿ ನಗಾಡುತ್ತಿದ್ದೆ.

ಅವನು ಬರೆದು ತೋರಿಸಬಾರದಿತ್ತೇ ಎಂದು ಅತ್ತಿಗೆಯ ಮೇಲೆ ಹಾರಿಬಿದ್ದೆ. ಅದಕ್ಕೆಂದೇ ಅವರು ಒಂದು ಸ್ಲೇಟು ತಂದಿಟ್ಟಿದ್ದರಂತೆ. ಎಲ್ಲಿದೆ ಎಂದು ನೋಡಿದರೆ ನನ್ನ ಹಾಳೆಗಳ ಕೆಳಗೆ.

ಜೂನ್ ೧೫, ಶನಿವಾರ

ಈ ಆಸ್ಪತ್ರೆಯವರಿಗೆ ಒಂದು ಪಟ್ಟಿ ಕಟ್ಟಲು ಬರುವುದಿಲ್ಲ. ಬೆಳಗ್ಗೆ ಸಡಿಲ, ಮಧ್ಯಾಹ್ನ ಬಿಗಿ. ಈಗ ನಾನೇ ಕಟ್ಟುತ್ತೇನೆ. ಗಂಟು ಮಗ್ಗುಲಿಗೆ ಬರಬೇಕು, ಹಿಂದೆ ಬಂದರೆ ಮಲಗಿದಾಗ ಒತ್ತುತ್ತದೆ. ಕಿವಿಯ ಹಿಂದಿನ ಗಾಯ ಒಣಗುತ್ತಿದೆ. ಅಂಚು ಗುಲಾಬಿ, ಮಧ್ಯೆ ಇನ್ನೂ ಹಸಿ. ಕೊಳವೆಯಲ್ಲಿ ಕಫ ತುಂಬುವ ಮುಂಚೆ ಉಸಿರಿನ ಸದ್ದು ಬದಲಾಗುತ್ತದೆ, ಹಾಲು ಉಕ್ಕುವ ಮುಂಚಿನ ಸದ್ದಿನ ಹಾಗೆ. ಇವತ್ತು ನರ್ಸಿಗಿಂತ ಮೊದಲು ನನಗೆ ಗೊತ್ತಾಯಿತು. ನಾನು ಕಾಲೇಜಿಗೆ ರಜೆ ಹಾಕಿದ್ದೇನೆ. ಹೌದಪ್ಪ ನನ್ನ ತರಗತಿ ತೆಗೆದುಕೊಳ್ಳುತ್ತಿದ್ದಾನೆ. ಮಕ್ಕಳು ಏನು ಕೇಳಿದರೂ ಹೌದು ಎಂದು ಅವರ ತಲೆ ಕೆಡಿಸುತ್ತಿರುತ್ತಾನೆ.

ಅಣ್ಣ ಸ್ಲೇಟು ಹಿಡಿಯುವಷ್ಟಾಗಿದ್ದಾನೆ. ನಾನು ಒಳಗೆ ಕಾಲಿಟ್ಟ ಕೂಡಲೇ ಬರೆದ: ಕಿರಿಕ್ಕು ಬಂತು. ಚಿಕ್ಕಂದಿನಿಂದ ಅವನು ನನ್ನನ್ನು ಕರೆಯುವುದೇ ಹಾಗೆ. ಧ್ವನಿಪೆಟ್ಟಿಗೆಯ ಜೊತೆಗೆ ಅದನ್ನೂ ತೆಗೆದಿರುತ್ತಾರೆ ಎಂದುಕೊಂಡಿದ್ದೆ.

ಪಕ್ಕದ ಹಾಸಿಗೆಯವಳು ಕಿತ್ತಳೆ ಸುಲಿಯುತ್ತಿದ್ದಳು. ಅಣ್ಣ ಅತ್ತ ನೋಡಿದ, ಮೂಗು ಮುಟ್ಟಿಕೊಂಡ, ಕೈ ಅಲ್ಲಾಡಿಸಿದ. ಉಸಿರು ಈಗ ಮೂಗಿನ ಮೇಲೆ ಹೋಗುವುದೇ ಇಲ್ಲವಲ್ಲ, ವಾಸನೆ ತಿಳಿಯುವುದಿಲ್ಲವಂತೆ. ಸ್ಲೇಟಿನಲ್ಲಿ ಬರೆದ: ಹೇಗಿದೆ, ಹೇಳು.

ಅಲ್ಲಿಗೆ ಸಿಕ್ಕಿಬಿದ್ದ. ಕಣ್ಣಾರೆ ಕಂಡದ್ದನ್ನು ಬಿಟ್ಟು ಇನ್ನೊಬ್ಬರ ಮಾತನ್ನು ಪ್ರಮಾಣ ಎಂದು ಒಪ್ಪದವನು ನನ್ನ ಬಾಯಿಂದ ಕಿತ್ತಳೆಯ ವಾಸನೆ ಕೇಳುತ್ತಿದ್ದಾನೆ. ಅದನ್ನು ಎತ್ತಿ ಆಡಿದೆ. ಅವನು ಬರೆದ: ಸುಳ್ಳು ಹೇಳಿದರೆ ನಿನ್ನ ಮುಖದಲ್ಲಿ ಕಾಣುತ್ತೆ. ಹೇಳು.

ಹೇಳಲು ಹೊರಟರೆ ಮಾತೇ ಇಲ್ಲ. ಹುಳಿ ಎಂದೆ, ಅದು ರುಚಿ. ಘಮ್ಮೆನ್ನುತ್ತದೆ ಎಂದೆ, ಯಾವುದು ಘಮ್ಮೆನ್ನುವುದಿಲ್ಲ? ಪಕ್ಕದವಳಿಂದ ಸಿಪ್ಪೆ ಈಸಿಕೊಂಡು ಮಡಿಚಿ ಹಿಂಡಿದೆ. ಕಣ್ಣಿಗೆ ಚಿಮ್ಮಿ ನೀರು ಬಂತು. ಮೊದಲು ಮೂಗಿನ ತುದಿ ತಣ್ಣಗಾಗುತ್ತದೆ, ಆಮೇಲೆ ಸ್ವಲ್ಪ ಚುಚ್ಚುತ್ತದೆ, ಹೊಸ ಬಣ್ಣ ಹೊಡೆದ ಬಾಗಿಲ ಹತ್ತಿರ ನಿಂತ ಹಾಗೆ, ಆಮೇಲೆ ಸಿಹಿ, ಆ ಸಿಹಿಯ ಕೆಳಗೆ ಒಂದು ಚೂರು ಕಹಿ ಎಂದೆ. ಅವನು ಕಣ್ಣು ಮುಚ್ಚಿ ಕೇಳಿದ. ಇನ್ನೊಂದು ಸಲ ಎಂದು ಬೆರಳು ಎತ್ತಿದ. ಮತ್ತೆ ಹಿಂಡಿದೆ. ಇಡೀ ಸಿಪ್ಪೆ ಮುಗಿಯಿತು. ಪೂರ್ವಪಕ್ಷ ಓದಲು ಇವತ್ತು ಸಮಯ ಸಿಗಲಿಲ್ಲ.

ಜೂನ್ ೧೮, ಮಂಗಳವಾರ

ಶ್ವಾಸಕೋಶಕ್ಕೂ ಹರಡಿದೆಯಂತೆ. ಡಾಕ್ಟರು ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದು ಹೇಳಿದರು. ಒಂದು ಬಿಳಿ ಮಚ್ಚೆಯಿಂದ ಇಷ್ಟೆಲ್ಲ ಊಹಿಸಬಹುದೇ ಎಂದು ವಾದಕ್ಕಿಳಿದೆ. ನಾನೇ. ತರ್ಕದ ಮೇಡಂ. ಡಾಕ್ಟರು ತಾಳ್ಮೆಯಿಂದ ಕೇಳಿಸಿಕೊಂಡರು. ಅವರ ತಾಳ್ಮೆ ನನಗೆ ಹಿಡಿಸಲಿಲ್ಲ.

ಮನೆಗೆ ಕರೆದುಕೊಂಡು ಹೋಗಿ ಎಂದರು.

ಜೂನ್ ೨೨, ಶನಿವಾರ

ವಾದಸಭೆ. ಹೂವಿನ ಬುಟ್ಟಿ, ಎರಡು ಮೈಕು, ಒಂದು ಖಾಲಿ ಕುರ್ಚಿ. ಖಾಲಿ ಕುರ್ಚಿಗೆ ಹಾರ ಹಾಕುವ ಯೋಚನೆ ಪ್ರಿನ್ಸಿಪಾಲರದು. ಅವನು ಇನ್ನೂ ಸತ್ತಿಲ್ಲ ಎಂದು ಹೇಳಿ ತೆಗೆಸಿದೆ. ಮಕ್ಕಳು ನಕ್ಕರು, ಆಮೇಲೆ ನಗಬಾರದಿತ್ತು ಎಂದು ಸುಮ್ಮನಾದರು.

ಪೂರ್ವಪಕ್ಷ ಓದಿದೆ. ಮುಂದಕ್ಕೆ ಹೇಳಿ ಎಂದು ಪ್ರಿನ್ಸಿಪಾಲರು ಸನ್ನೆ ಮಾಡಿದರು. ಎದುರಾಳಿ ಇನ್ನೂ ಹೌದು ಎಂದಿಲ್ಲ, ಆದ್ದರಿಂದ ಖಂಡನೆಗೆ ನನಗೆ ಅಧಿಕಾರವಿಲ್ಲ ಎಂದು ಹೇಳಿ ಕೂತೆ. ಶುದ್ಧ ನಿಯಮದ ಮಾತು, ಬೇರೇನಿಲ್ಲ. ಹೌದಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದ. ಯಾವುದಕ್ಕೆ ಎಂದು ಕೇಳಿದ್ದರೆ ಅವನಿಗೂ ಗೊತ್ತಿರಲಿಕ್ಕಿಲ್ಲ.

ಜೂನ್ ೨೪, ಸೋಮವಾರ

ಕಾಲೇಜಿಗೆ ಹೋಗಿ ಒಂದು ತರಗತಿ ಮಾಡಿ ಬಂದೆ. ಹಳೆಯ ಪಾಠವೇ. ‘ನಾನು ಸಣ್ಣಗಾದೆ, ನಾನು ದಪ್ಪಗಾದೆ’ ಎನ್ನುತ್ತೇವೆ, ಆದ್ದರಿಂದ ನಾನು ಎಂದರೆ ದೇಹವೇ ಎನ್ನುತ್ತಾರೆ ಚಾರ್ವಾಕರು. ಅದಕ್ಕೆ ನಮ್ಮ ಉತ್ತರ: ‘ನನ್ನ ಕೊಡೆ’ ಎಂದಾಗ ಕೊಡೆ ಬೇರೆ ನಾನು ಬೇರೆ, ಹಾಗೆಯೇ ‘ನನ್ನ ದೇಹ’ ಎಂದಾಗಲೂ. ಹಿಂದಿನ ಬೆಂಚಿನ ಹುಡುಗಿ ಎದ್ದು, ನನ್ನ ಆತ್ಮ ಅಂತಾನೂ ಅಂತೀವಲ್ಲ ಮೇಡಂ, ಹಾಗಾದ್ರೆ ಅದೂ ಕೊಡೆಯೇನಾ ಎಂದಳು. ಅಧಿಕಪ್ರಸಂಗಿ. ಬಾಯಿ ಮುಚ್ಚಿಸಲು ನೂರು ದಾರಿ ಗೊತ್ತಿತ್ತು. ಒಂದನ್ನೂ ಹಿಡಿಯದೆ ತರಗತಿ ಬೇಗ ಬಿಟ್ಟೆ. ಸಿರಿಂಜು ತೆಗೆದುಕೊಂಡು ಹೋಗಬೇಕಿತ್ತು.

ಅಣ್ಣನ ಮನೆ ಮಹಡಿಯ ಮೇಲೆ. ಅವನನ್ನು ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿಸಿದ್ದೇವೆ. ಇವತ್ತು ಅತ್ತಿಗೆ ಬೆನ್ನು ಒರೆಸಿದರು, ನಾನು ಕಾಲು. ಅಪ್ಪನ ಕಾಲೇ ಅದು, ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ನನ್ನದೂ ಹಾಗೆಯೇ. ಇಷ್ಟು ವರ್ಷ ಎದುರೆದುರು ಕೂತು ಕಿತ್ತಾಡಿದವರು ಒಬ್ಬರ ಪಾದ ಒಬ್ಬರು ಗಮನಿಸಿ ನೋಡಿರಲಿಲ್ಲ. ಹಿಮ್ಮಡಿ ಒಡೆದಿತ್ತು. ಎಣ್ಣೆ ಹಚ್ಚಿದೆ. ಉಗುರು ಕತ್ತರಿಸಿದೆ. ಸಂಜೆಗೆ ಮೈ ಸ್ವಲ್ಪ ಬಿಸಿ ಇತ್ತು, ಅಂಗೈ ಮಾತ್ರ ತಣ್ಣಗೆ. ಉಜ್ಜಿದರೆ ಬೆಚ್ಚಗಾಗುತ್ತದೆ, ಬಿಟ್ಟರೆ ಮತ್ತೆ ತಣ್ಣಗೆ. ಉಜ್ಜುತ್ತಾ ಕೂತೆ.

ಸಾಯುವ ಯೋಚನೆಯನ್ನೂ ಅವನು ಚೊಕ್ಕವಾಗಿ ಮಾಡಿಟ್ಟಿದ್ದಾನೆ. ದೇಹ ವೈದ್ಯಕೀಯ ಕಾಲೇಜಿಗೆ, ಮಕ್ಕಳು ಕೊಯ್ದು ಕಲಿಯಲಿ ಎಂದು ಎಂದೋ ಬರೆದುಕೊಟ್ಟಿದ್ದಾನಂತೆ. ಅತ್ತಿಗೆಗೂ ಒಪ್ಪಿಗೆ. ಸತ್ತ ಮೇಲೂ ಪಾಠ ಮಾಡುವ ಚಟ.

ಜೂನ್ ೨೬, ಬುಧವಾರ

ಜಗಳವಾಯಿತು. ತಪ್ಪು ಪೂರ್ತಿ ಅವನದು.

ಮೂಗಿನ ಕೊಳವೆ ನಿನ್ನೆ ತೆಗೆದರು, ಇವತ್ತು ತೆಳು ಸೂಪು ಚಮಚದಲ್ಲಿ ಕುಡಿಸುತ್ತಿದ್ದೆ. ಎರಡು ಚಮಚಕ್ಕೇ ಮುಖ ತಿರುಗಿಸಿದ. ಸ್ಲೇಟು ಎಳೆದುಕೊಂಡು ಬರೆದ: ಮುಂದಿನ ವರ್ಷಕ್ಕೆ ಬೇರೆ ಎದುರಾಳಿ ಹುಡುಕಿಕೋ.

ಬಟ್ಟಲು ಕುಕ್ಕಿದೆ. ಅತ್ತಿಗೆ ಅಡುಗೆಮನೆಯಿಂದ ಓಡಿಬಂದು ಬಾಗಿಲಲ್ಲೇ ನಿಂತರು.

“ಎಲ್ಲಿ ಹುಡುಕ್ಲಿ? ನೀನು ಅಂದ್ರೆ ಏನು ಅಂದ್ಕೊಂಡಿದೀಯ? ಈ ಮೊಂಡು ಮೂಗು, ಈ ಒಡೆದ ಹಿಮ್ಮಡಿ, ಮಾತಿನ ಮಧ್ಯೆ ಏಳೋ ಈ ಬೆರಳು, ಇದೇ ನೀನು. ಇದೆಲ್ಲ ಹೋದ್ಮೇಲೆ ನೀನು ಇನ್ನೆಲ್ಲೋ ಸುಖವಾಗಿ ಇರ್ತೀಯ ಅಂತ ಯಾರಾದ್ರೂ ನಂಗೆ ಹೇಳ್ಲಿ, ಅಲ್ಲಿರೋದು ಯಾರೋ ಬೇರೆಯವರು. ಅವರನ್ನ ಕಟ್ಕೊಂಡು ನಂಗೇನಾಗ್ಬೇಕು? ನಂಗೆ ಬೇಕಾಗಿರೋದು ಇದು. ಇದು ಮುಗೀತು ಅಂದ್ರೆ ಮುಗೀತು. ಕುಡಿ ಸುಮ್ನೆ.”

ಅವನು ನನ್ನನ್ನೇ ನೋಡಿದ. ಆಮೇಲೆ ಮೇಲೆ ಕೆಳಗೆ, ನಿಧಾನವಾಗಿ, ತಲೆ ಆಡಿಸಿದ. ಅರ್ಥವಾಗದೆ ಪಟ್ಟಿಯೊಳಗೆ ಬೆರಳು ಹಾಕಿ ನೋಡಿದೆ, ಸಡಿಲವೇ ಇತ್ತು. ಅವನು ನನ್ನ ಕೈ ತಳ್ಳಿ ಸ್ಲೇಟಿನಲ್ಲಿ ಬರೆದ: ಹೌದು. ಇದೇ ನನ್ನ ಮಾತು.

ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಹಾಗಿಲ್ಲ. ನಾನು ಹೇಳಿದ್ದು ಪೂರ್ವಪಕ್ಷವಲ್ಲ, ಬೈಗುಳ. ಅದರಲ್ಲಿ ಹೇತು ಇಲ್ಲ, ದೃಷ್ಟಾಂತ ಇಲ್ಲ, ಕ್ರಮ ಇಲ್ಲ. ಅವನಿಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಹಲ್ಲುಕಿರಿಯುತ್ತಿದ್ದ. ಸೂಪು ಪೂರ್ತಿ ಕುಡಿದ.

ಜೂನ್ ೨೭, ಗುರುವಾರ

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಹೋದಾಗ ಸ್ಲೇಟು ಸಿದ್ಧವಾಗಿತ್ತು: ನಾನು ಹೌದು ಎಂದೆ. ಈಗ ಖಂಡಿಸು. ಮೊದಲು ಒದ್ದೆ ಸ್ಪಂಜಿನಲ್ಲಿ ಮೈ ಒರೆಸುತ್ತೇನೆ, ಆಮೇಲೆ ನೋಡೋಣ ಎಂದೆ. ಅವನು ಸ್ಲೇಟು ಒರೆಸಿ ಇನ್ನೊಂದು ಪದ ಬರೆದ: ಗೆಲ್ಲು.

ತಮಾಷೆ ಎಂದುಕೊಂಡು ಮುಖ ನೋಡಿದೆ. ತಮಾಷೆ ಇರಲಿಲ್ಲ. ಅಣ್ಣನಿಗೆ ಹೆದರಿಕೆಯಾಗಿತ್ತು. ಅವನ ಮುಖದಲ್ಲಿ ಹೆದರಿಕೆಯನ್ನು ನಾನು ನೋಡಿದ್ದು ಇದೇ ಮೊದಲು, ಆದರೂ ನೋಡಿದ ಕೂಡಲೇ ತಿಳಿಯಿತು. ಇದರಲ್ಲಿ ಊಹಿಸುವಂಥದ್ದು ಏನೂ ಇರಲಿಲ್ಲ. ಅವನ ಕೈ ಹೊದಿಕೆಯ ಅಂಚನ್ನು ಹಿಂಡುತ್ತಿತ್ತು.

ಬಾಗಿಲು ಮುಂದೆ ಮಾಡಿ ಶುರುಮಾಡಿದೆ. ಇಷ್ಟು ವರ್ಷ ಹೇಳಿಕೊಟ್ಟದ್ದು, ನಾಲಿಗೆ ತಾನಾಗಿಯೇ ಓಡುತ್ತದೆ. ಅನುಮಾನ ಬೇಡ ಎನ್ನುವುದೂ ಒಂದು ಅನುಮಾನವೇ ಎಂದು ಮೊದಲನೆಯದು. ಅರಿವು ದೇಹದ ಗುಣವಾದರೆ ಹೆಣಕ್ಕೂ ಅರಿವಿರಬೇಕಿತ್ತು ಎಂದು ಎರಡನೆಯದು. ಅದನ್ನು ಹೇಳುವಾಗ ಹೆಣ ಎಂಬ ಪದವನ್ನು ನುಂಗಿಬಿಟ್ಟೆ. ಮೂರನೆಯದು ನೆನಪಿನ ವಾದ. ಚಿಕ್ಕಂದಿನ ಮೈ ಈಗ ಇಲ್ಲ, ಅದರ ಒಂದು ಕಣವೂ ಉಳಿದಿಲ್ಲ. ಆದರೂ ಚಿಕ್ಕಂದಿನದು ನೆನಪಿದೆ. ಆದ್ದರಿಂದ ನೆನಪಿಟ್ಟುಕೊಂಡವನು ಮೈಯಲ್ಲ, ಬೇರೊಬ್ಬ. ಅವನು ಸಾಯುವುದಿಲ್ಲ.

ಅಣ್ಣನ ಬೆರಳು ಎದ್ದಿತು. ಪ್ರತಿ ವರ್ಷ ಏಳುವುದೇ ಈ ಜಾಗದಲ್ಲಿ. ಪ್ರತಿ ವರ್ಷ ಅವನು ಪಂಚೆ ಸರಿಸಿ, ಗೋಲಿ ಆಡುವಾಗ ಬಿದ್ದು ಮಂಡಿಗೆ ಆದ ಗಾಯದ ಕಲೆಯನ್ನು ಸಭೆಗೆಲ್ಲ ತೋರಿಸಿ ಕೇಳುತ್ತಾನೆ, ಈ ಕಲೆಯೂ ಆಗಿನಿಂದ ಉಳಿದಿದೆ, ಇದಕ್ಕೂ ಆತ್ಮ ಇದೆಯೇನೇ? ಸಭೆ ಗೊಳ್ಳೆಂದು ನಗುತ್ತದೆ. ನನ್ನ ವಾದ ಅಲ್ಲಿಗೆ ಕುಂಟುತ್ತದೆ. ಉತ್ತರ ಇದೆ, ಆದರೆ ಅದು ಸಭೆಯಲ್ಲಿ ಕೂತು ಕೇಳುವಷ್ಟು ಚಿಕ್ಕದಲ್ಲ, ಮತ್ತು ಅಷ್ಟು ಒಳ್ಳೆಯದೂ ಅಲ್ಲ.

ಎದ್ದ ಬೆರಳು ಹಾಗೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಅವನು ಅದನ್ನು ಕೆಳಗಿಳಿಸಿ ಹೊದಿಕೆಯೊಳಗೆ ಸೇರಿಸಿಬಿಟ್ಟ. ಮುಂದೆ ಹೇಳು ಎಂದು ಕಣ್ಣಲ್ಲೇ ಹೇಳಿದ.

ಗೆದ್ದೆ ಎನ್ನಬಹುದಿತ್ತು. ನಾನು ಕಾದಿದ್ದು ಇದಕ್ಕೇ. ಆದರೆ ನನಗೆ ಬಂದದ್ದು ಸಿಟ್ಟು. ಹೊದಿಕೆ ಎಳೆದು ಅವನ ಕೈ ಹೊರಗೆ ತೆಗೆದೆ, ಬೆರಳನ್ನು ನಾನೇ ಹಿಡಿದು ಎತ್ತಿದೆ.

“ನಂಗೆ ಭಿಕ್ಷೆ ಹಾಕ್ಬೇಡ ಅಣ್ಣ. ಕೇಳು. ಕಲೆಗೂ ಆತ್ಮ ಇದೆಯಾ ಅಂತ ಕೇಳು.”

ಅವನು ಬೇಡ ಎಂದು ತಲೆ ಅಲ್ಲಾಡಿಸಿದ. ಈ ಸಲದ್ದು ಪಟ್ಟಿಯ ಕಾರಣಕ್ಕಲ್ಲ. ಕಣ್ಣಲ್ಲಿ ನೀರಿತ್ತು. ನನಗೂ ಇತ್ತು ಎಂದು ಆಮೇಲೆ ಮುಖ ತೊಳೆಯುವಾಗ ತಿಳಿಯಿತು. ಅವನು ಕೇಳದಿದ್ದಾಗ ನಾನೇ ಕೇಳಿದೆ. ಅವನ ಪರವಾಗಿ, ಅವನ ಹಾಗೆಯೇ ರಾಗ ಎಳೆದು, ಅವನ ಮಂಡಿಯ ಮೇಲಿನ ಕಲೆಯ ಮೇಲೆ ಕೈಯಿಟ್ಟು. ಅದು ನುಣ್ಣಗಿದೆ, ಸುತ್ತಲಿನ ಚರ್ಮಕ್ಕಿಂತ ತಣ್ಣಗಿದೆ. ನೋಡು, ಇದು ಮರೆತಿಲ್ಲ ಎಂದೆ. ಮೈಗೆ ನೆನಪಿಡಲು ಬರುತ್ತದೆ, ಇನ್ನೊಬ್ಬನನ್ನು ಬಾಡಿಗೆಗೆ ಕರೆಯಬೇಕಾಗಿಲ್ಲ ಎಂದೆ. ಆಮೇಲೆ ಅವನ ವಾದವನ್ನು ಒಂದೊಂದೇ ಮೆಟ್ಟಿಲು ಹತ್ತಿಸುತ್ತಾ ಹೋದೆ. ಗೋಲಿಯಾಟದ ವಿಷಯ ಬಂದಾಗ ಎಡ ಮಂಡಿ ಎಂದೆ. ಅವನಿಗೆ ತಡೆಯಲಾಗಲಿಲ್ಲ. ಸ್ಲೇಟು ಕಿತ್ತುಕೊಂಡು ಬರೆದ: ಬಲ, ದಡ್ಡಿ. ಬಿದ್ದದ್ದು ನಾನು.

ಹಾಗೆ ಸಂಜೆಯ ತನಕ ಕಿತ್ತಾಡಿದೆವು. ಎರಡೂ ಕಡೆಯ ಮಾತು ನಾನೇ ಆಡಿದೆ, ಅವನು ತಿದ್ದಿದ. ಹೊದಿಕೆಯನ್ನು ಹಿಂಡುವುದು ಯಾವಾಗ ಬಿಟ್ಟನೋ. ಕೊನೆಗೆ ಯಾರು ಗೆದ್ದರು ಎಂದು ಅತ್ತಿಗೆ ಕೇಳಿದರು. ಅವನು ತನ್ನ ಎದೆ ತಟ್ಟಿಕೊಂಡ. ನಾನು ಒಪ್ಪಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಸಭೆ ಅಪೂರ್ಣ.

ಜುಲೈ ೩, ಬುಧವಾರ

ಬೆಳಗ್ಗೆ ಹೋದ. ಅತ್ತಿಗೆ ಬಲಗೈ ಹಿಡಿದಿದ್ದರು, ನಾನು ಎಡಗೈ. ಉಸಿರಿನ ಸದ್ದು ಬದಲಾದದ್ದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಆಮೇಲೆ ಸದ್ದು ಇರಲಿಲ್ಲ. ಕೈ ಉಜ್ಜಿದೆ. ತುಂಬಾ ಹೊತ್ತು ಉಜ್ಜಿದೆ. ಸಾಕು ಬಿಡು ಎಂದು ಅತ್ತಿಗೆ ಹೇಳಿದ ಮೇಲೂ.

ಕುತ್ತಿಗೆಯ ಪಟ್ಟಿ ಬಿಚ್ಚಿ ಒದ್ದೆ ಬಟ್ಟೆಯಲ್ಲಿ ಒರೆಸಿ ಹೊಸದು ಕಟ್ಟಿದೆ. ಕಿವಿಯ ಹಿಂದಿನ ಗಾಯ ಪೂರ್ತಿ ಮಾಯ್ದಿದೆ.

ಕಾಲೇಜಿನವರು ಬಂದರು. ಲೊಚಗುಟ್ಟಿದರು. ಹೌದಪ್ಪ ನನ್ನ ಪಕ್ಕ ಬಂದು ನಿಂತು, ಆತ್ಮಕ್ಕೆ ಸಾವಿಲ್ಲ ಮೇಡಂ, ನೀವೇ ಪಾಠ ಮಾಡಿದ್ದಲ್ವಾ, ಹಳೇ ಬಟ್ಟೆ ಬಿಟ್ಟ ಹಾಗೆ ಎಂದು ಶುರುಮಾಡಿದ. ಕೆಳಗೆ ಹೋಗಿ ಗಾಡಿ ಬಂತಾ ನೋಡು ಎಂದು ಕಳಿಸಿದೆ. ಹೌದು ಮೇಡಂ ಎಂದು ಹೋದ.

ವೈದ್ಯಕೀಯ ಕಾಲೇಜಿನಿಂದ ಇಬ್ಬರು ಬಂದರು. ಕೆಲಸದಲ್ಲಿ ಪಳಗಿದವರು, ಅವಸರದಲ್ಲಿದ್ದರು. ಬಾಡಿ ಎಲ್ಲಿದೆ ಎಂದು ಕೇಳಿದರು. ಇಲ್ಲಿ ಯಾವ ಬಾಡಿಯೂ ಇಲ್ಲ, ನಮ್ಮಣ್ಣ ಇದ್ದಾನೆ ಎಂದೆ. ಅವರು ಮುಖ ಮುಖ ನೋಡಿಕೊಂಡರು. ಅತ್ತಿಗೆ ಅವರನ್ನು ಒಳಗೆ ಕರೆದರು. ಎತ್ತುವಾಗ ಒಬ್ಬ ಕುತ್ತಿಗೆಯ ಕೆಳಗೆ 
ಕೈ ಹಾಕಲು ಹೋದ. ಅಲ್ಲಿ ಬೇಡ, ಭುಜ ಹಿಡಿಯಿರಿ ಎಂದೆ. ಹಾಗೇ ಮಾಡಿದ.

ಮಹಡಿಯ ಮೆಟ್ಟಿಲು ಇಕ್ಕಟ್ಟು. ಸ್ಟ್ರೆಚರನ್ನು ಓರೆ ಮಾಡಿ ಇಳಿಸಬೇಕಾಯಿತು. ನಾನು ಮುಂದೆ ಇಳಿಯುತ್ತಾ, ನಿಧಾನ, ನಿಧಾನ ಎನ್ನುತ್ತಿದ್ದೆ. ತಿರುವಿನಲ್ಲಿ ಅವನ ಮೊಣಕೈ ಗೋಡೆಗೆ ತಾಗಿತು.

“ಅಯ್ಯೋ, ನೋವಾಯ್ತೇನೋ ಅಣ್ಣ?”

ಅವರಿಬ್ಬರೂ ನಿಂತರು. ನಾನು ಅವನ ಮೊಣಕೈಯನ್ನು ಸ್ವಲ್ಪ ಹೊತ್ತು ತಿಕ್ಕಿ, ಹೊದಿಕೆಯೊಳಗೆ ಸೇರಿಸಿದೆ. ಆಮೇಲೆ ಇಳಿಸಿದರು.